ಹಲಗೆ ಹೊತ್ತ ಮನೆ

ನಮ್ಮ ಮನೆಯಲ್ಲಿ ಮಂಚ ಹತ್ತಲು ಸ್ಟೂಲು ಬೇಕಿತ್ತು. ದೆಹಲಿಯ ಮುನಿರ್ಕಾದ ಎದುರು ರಸ್ತೆ ದಾಟಿದರೆ ಸರ್ಕಾರಿ ಕ್ವಾರ್ಟರ್ಸುಗಳ ಸಾಲು, ಅದರಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ ನಮ್ಮದು. ಒಳಕೋಣೆಯ ಬಾಗಿಲು ತೆರೆದರೆ ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿಂದ ಆಚೆ, ಗೋಡೆಯಿಂದ ಗೋಡೆಗೆ, ಸೊಂಟದ ಮಟ್ಟಕ್ಕೆ ಒಟ್ಟಿದ ಮರದ ಹಲಗೆ. ಹಲಗೆಯ ಮೇಲೆ ಮಂಚ, ಮಂಚದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ನಾನು ಮತ್ತು ಅಪ್ಪ. ಬೆಳಿಗ್ಗೆ ಎದ್ದು ಕೂತು ಮೈಮುರಿದರೆ ಕೈ ಫ್ಯಾನಿನ ರೆಕ್ಕೆಗೆ ತಗಲುತ್ತಿತ್ತು. ಹಾಗಾಗಿ ದೆಹಲಿಯ ಜೂನ್ ತಿಂಗಳಲ್ಲಿ, ಬೀದಿಯ ಡಾಂಬರು ಚಪ್ಪಲಿಗೆ ಅಂಟುವ ದಿನಗಳಲ್ಲಿ, ನಮ್ಮ ಒಳಕೋಣೆಯ ಫ್ಯಾನು ಹಾಕುವಂತಿರಲಿಲ್ಲ. ಕಿಟಕಿಯ ಕೆಳಗಿನ ಅರ್ಧ ಹಲಗೆಯ ಹಿಂದೆ ಮುಚ್ಚಿಹೋಗಿದ್ದರಿಂದ ಕೂಲರ್ ಇಡುವಂತೆಯೂ ಇರಲಿಲ್ಲ. ಊರಿನವರ ಮನೆಯ ಕೂಲರನ್ನೆಲ್ಲ ರಿಪೇರಿ ಮಾಡಿ ಬಂದು ನಾನು ಆ ಮರದ ಗುಡ್ಡದ ಮೇಲೆ ಬೆವರಿನಲ್ಲಿ ಬೇಯುತ್ತಾ ಮಲಗುತ್ತಿದ್ದೆ. ಈಗ ನನಗೆ ನನ್ನದೇ ಅಂಗಡಿಯಿದೆ, ಕೈಕೆಳಗೆ ಕೆಲಸದವರಿದ್ದಾರೆ, ನನ್ನ ಮನೆಯ ಪ್ರತಿ ಕೋಣೆಯಲ್ಲೂ ಏಸಿ ಇದೆ. ಆದರೂ ಆ ಕೋಣೆ ನೆನಪಾದರೆ ಮೈಯೆಲ್ಲ ಉರಿಯುತ್ತದೆ. ಸೆಕೆಗಲ್ಲ, ಸಿಟ್ಟಿಗೆ.

ಸಿಟ್ಟು ಯಾರ ಮೇಲೆ ಅಂತ ಕೇಳಿದರೆ, ಮೊದಲು ಲಾಟ್ವಿಯಾದ ಮೇಲೆ. ನಗಬೇಡಿ. ಉಳಿದವರ ಮನೆಯಲ್ಲಿ ಜಾಗದ ವ್ಯಾಜ್ಯ, ಕುಡಿತ, ದಾಯಾದಿ ಜಗಳ ಇರುತ್ತವೆ. ನಮ್ಮ ಮನೆಯನ್ನು ಹಾಳುಮಾಡಿದ್ದು ನಾವ್ಯಾರೂ ಕಾಣದ ಒಂದು ಚಳಿದೇಶದ ಬಾಸ್ಕೆಟ್‌ಬಾಲ್ ಕ್ಲಬ್ಬು. ಅಪ್ಪ ಪುಟ್ಟಸ್ವಾಮಿ, ಮಂಡ್ಯದವನು, ಆರಡಿ ದಾಟಿದ ಆಳು. ಆಟಗಾರರ ಕೋಟಾದಲ್ಲಿ ದೆಹಲಿಯ ಕೇಂದ್ರ ಸರ್ಕಾರದ ಒಂದು ಇಲಾಖೆಗೆ ಗುಮಾಸ್ತನಾಗಿ ಬಂದವನು. ಬೆಳಿಗ್ಗೆ ಫೈಲು, ಸಂಜೆ ಇಲಾಖೆಯ ಆಟದ ಹಾಲ್‌ನಲ್ಲಿ ಚೆಂಡು. ನಾನು ಹುಟ್ಟುವ ಮೊದಲು, ಸೋವಿಯತ್ ದೇಶ ಇನ್ನೂ ಒಡೆಯದಿದ್ದ ಕಾಲದಲ್ಲಿ, ಇವರ ತಂಡವನ್ನು ಸ್ನೇಹಪಂದ್ಯಗಳಿಗೆಂದು ಅಲ್ಲಿಗೆ ಕಳಿಸಿದ್ದರಂತೆ. ಲಾಟ್ವಿಯಾದ ಒಂದು ಬಂದರು ಊರಲ್ಲಿ ಮೊದಲ ದಿನವೇ ಅಪ್ಪನ ಪಾದ ಉಳುಕಿತು. ತಂಡ ಊರೂರು ಆಡುತ್ತಾ ಹೋಯಿತು, ಅಪ್ಪ ಕಾಲಿಗೆ ಪಟ್ಟಿ ಕಟ್ಟಿಕೊಂಡು ಆ ಊರಿನ ಕ್ಲಬ್ಬಿನ ಹಾಲಿನಲ್ಲೇ ಉಳಿದ. ಅಲ್ಲಿ ನೆಲ ಒರೆಸಿ ಪಾಲಿಶ್ ಮಾಡಿಕೊಂಡಿದ್ದ ಯಾನಿಸ್ ಎಂಬ ಮುದುಕ. ತಂಡದ ಜೊತೆಗೆ ಕೊಟ್ಟಿದ್ದ ಇಬ್ಬರು ದುಭಾಷಿಗಳಲ್ಲಿ ಅಪ್ಪನ ಜೊತೆ ಉಳಿದವಳು ಒಬ್ಬ ರಷ್ಯನ್ ಹುಡುಗಿ, ಹಿಂದಿ ಓದಿದವಳು. ಮುದುಕ ತನಗೆ ಬಂದಷ್ಟು ರಷ್ಯನ್ನಿನಲ್ಲಿ ಹೇಳಿದ್ದನ್ನು ಅವಳು ಪುಸ್ತಕದ ಹಿಂದಿಗೆ ಮಾಡಿದಳು, ಆ ಹಿಂದಿಯನ್ನು ಅಪ್ಪ ಮಂಡ್ಯದ ಕನ್ನಡಕ್ಕೆ ತಂದ. ಹೀಗೆ ಬಂತು ನಮ್ಮ ಮನೆಗೆ ಆ ಕ್ಲಬ್ಬು. ಅದಕ್ಕೊಂದು ಹೆಸರಿತ್ತು. ನಮ್ಮ ಮನೆಯಲ್ಲಿ ಆ ಹೆಸರು ಯಾರೂ ಹೇಳುತ್ತಿರಲಿಲ್ಲ. ಪ್ರಪಂಚದಲ್ಲಿ ಬೇರೆ ಕ್ಲಬ್ಬೇ ಇಲ್ಲವೆನ್ನುವಂತೆ ಬರೀ 'ಕ್ಲಬ್ಬು'.

ಊಟಕ್ಕೆ ಕೂತರೆ ಕಥೆ ಶುರು. ಬೇರೆ ಮಕ್ಕಳು ರಾಮಾಯಣ ಕೇಳಿ ಬೆಳೆದರು, ನಾನು ಮತ್ತು ನನ್ನಕ್ಕ ಸುಧಾ ಕ್ಲಬ್ಬಿನ ಚರಿತ್ರೆ ಕೇಳಿ ಬೆಳೆದೆವು. ಹಡಗಿಗೆ ಮೂಟೆ ಹೊರುವವರೂ ಒಬ್ಬ ಡ್ರಿಲ್ ಮಾಸ್ತರೂ ಸೇರಿ ಅಗಸೆ ನಾರು ತುಂಬುವ ಗೋದಾಮಿನಲ್ಲಿ ಅದನ್ನು ಕಟ್ಟಿದರು. ಗೋದಾಮಿನ ಸೂರು ತಗ್ಗು. ಚೆಂಡನ್ನು ಎತ್ತರಕ್ಕೆ ಎಸೆದರೆ ತೊಲೆಗೆ ಬಡಿಯುತ್ತಿತ್ತು, ಆದ್ದರಿಂದ ಆ ಊರಿನವರೆಲ್ಲ ಚಪ್ಪಟೆಯಾಗಿ, ಜೋರಾಗಿ ಎಸೆಯುವುದನ್ನು ಕಲಿತರು. ಮುಂದೆ ಅವರು ಹೆಸರಾದದ್ದೇ ಅದಕ್ಕೆ. ಅಪ್ಪ ಬಸ್ಸಾರಿಗೆ ಅದ್ದಿದ ಮುದ್ದೆಯ ತುತ್ತನ್ನೇ ಹಾಗೆ ಹಿಡಿದು ತೋರಿಸುತ್ತಿದ್ದ. ಆಮೇಲೆ ಆ ದೇಶವನ್ನು ಒಬ್ಬರಾದ ಮೇಲೊಬ್ಬರು ಆಳಿದರು. ಬಂದವರೆಲ್ಲ ಕ್ಲಬ್ಬಿನ ಹೆಸರು ಬದಲಿಸಿದರು, ಅಂಗಿಯ ಬಣ್ಣ ಬದಲಿಸಿದರು. ರಷ್ಯದವರ ಕಾಲದಲ್ಲಿ ಆಟಗಾರರನ್ನು ಕಾಗದದ ಮೇಲೆ ಲೇತ್ ಕಾರ್ಮಿಕರೆಂದು ತೋರಿಸಿ ಸಂಬಳ ಕೊಡುತ್ತಿದ್ದರಂತೆ. ಅವರು ಲೇತ್ ಮೆಷಿನ್ನಿನ ಮುಖವನ್ನೂ ನೋಡಿರಲಿಲ್ಲ. ಇಲ್ಲಿ ಅಪ್ಪ ಹೊಟ್ಟೆತುಂಬ ನಗುತ್ತಿದ್ದ.

"ನಾನು ಗುಮಾಸ್ತ ಇದ್ದ ಹಾಗೇ ಕಣ್ರೋ. ಅವರು ಲೇತು, ನಾನು ಫೈಲು."

"ನೀವು ಫೈಲಿನ ಮುಖಾನಾದ್ರೂ ನೋಡಿದೀರಿ," ಅನ್ನುತ್ತಿದ್ದಳು ಅಮ್ಮ. "ಮನೆ ಮುಖಾನೇ ನೋಡಿಲ್ಲ."

ಇದೆಲ್ಲ ಆದಮೇಲೆ ಬರುತ್ತಿತ್ತು ಆ ಹಾಳು ನೆಲದ ಕಥೆ. ಯುದ್ಧ ಬಂದಾಗ ಸೈನ್ಯದವರು ಹಾಲನ್ನು ಕುದುರೆ ಲಾಯ ಮಾಡುತ್ತಾರೆಂದು ಸುದ್ದಿ ಬಂತು. ಕುದುರೆ ನಿಂತರೆ ಮರದ ನೆಲ ಉಳಿಯುತ್ತದೆಯೇ? ಊರಿನವರು ಸೇರಿ ನೆಲವನ್ನೇ ಕಿತ್ತರು. ಹಲಗೆ ಹಲಗೆಗೂ ನಂಬರು ಹಾಕಿ, ಹೊತ್ತ ಮನೆಯವರ ಹೆಸರನ್ನು ಅಡಿಯಲ್ಲಿ ಬರೆದು, ಮನೆಗಿಷ್ಟು ಅಂತ ಹಂಚಿಕೊಂಡು, ಮಂಚದ ಕೆಳಗೆ, ಅಟ್ಟದ ಮೇಲೆ, ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟರು. ಯುದ್ಧ ಮುಗಿದ ಮೇಲೆ ಒಂದು ಭಾನುವಾರ ಪ್ರತಿ ಮನೆಯವರೂ ಹಲಗೆ ಹೊತ್ತು ಬಂದರು. ನಂಬರಿನ ಪ್ರಕಾರ ಜೋಡಿಸಿದರು. ನೆಲ ಮತ್ತೆ ಎದ್ದಿತು.

"ಅವತ್ತಿಂದ ಆ ನೆಲದ ಮೇಲೆ ಆಡೋರು ಯಾರೇ ಆಗ್ಲಿ, ಅವರ ಕಾಲಡೀಲಿ ಊರೋರ ಹೆಸರಿರ್ತದೆ," ಅನ್ನುತ್ತಿದ್ದ ಅಪ್ಪ. "ರಾಜ ಬದಲಾದ, ಹೆಸರು ಬದಲಾಯ್ತು, ನೆಲ ಬದಲಾಗ್ಲಿಲ್ಲ. ಅದು ಕ್ಲಬ್ಬು ಅಂದ್ರೆ."

ಕಥೆ ಕಥೆಯಾಗಿಯೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ. ಇಲಾಖೆಯ ಹಳೇ ಹಾಲನ್ನು ಕೆಡವುತ್ತಾರೆಂದು ಗೊತ್ತಾದ ದಿನ ಕಥೆ ಮನೆಯೊಳಗೆ ಬಂತು. ಆ ಹಾಲಿಗೂ ಮರದ ನೆಲವಿತ್ತು. ಅಪ್ಪ ಯೌವನವನ್ನೆಲ್ಲ ಅದರ ಮೇಲೆ ಓಡಿ ಕಳೆದಿದ್ದ. ಗುಜರಿಯ ಭಯ್ಯಾ ಟೆಂಪೊ ತಂದು ಹಲಗೆ ತುಂಬುತ್ತಿದ್ದಾಗ ಅಪ್ಪ ಅಡ್ಡ ನಿಂತುಬಿಟ್ಟ. ವಿಷಯ ದೊಡ್ಡ ಸಾಹೇಬರ ತನಕ ಹೋಯಿತು. ದೊಡ್ಡ ಸಾಹೇಬರು ಅಂದರೆ ಇಲಾಖೆಯ ಮೇಲಧಿಕಾರಿ, ಮೈಸೂರಿನವರು, ವಸಂತ್ ಕುಂಜ್‌ನಲ್ಲಿ ಫ್ಲಾಟು. ರಾಜ್ಯೋತ್ಸವದ ದಿನ ಮುಂದಿನ ಸಾಲಿನಲ್ಲಿ ರೇಷ್ಮೆ ಶಲ್ಯ ಹೊದ್ದು ಕೂರುವವರು. ಅಪ್ಪನನ್ನು ಕಂಡರೆ 'ಏನಯ್ಯಾ ಲಾಟ್ವಿಯಾ' ಅನ್ನುವುದು ಅವರ ಪ್ರೀತಿ. ಅವರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ನಾಲ್ಕು ಜನರ ಮುಂದೆ ಹೇಳಿದರಂತೆ:

"ಆಯ್ತಯ್ಯಾ, ನಿನ್ನ ಹತ್ರಾನೇ ಇರ್ಲಿ. ಹೊಸ ಹಾಲ್ ಆದಾಗ ಇದನ್ನೇ ಹಾಕ್ಸೋಣ. ನೀನೇ ಮೊದಲ ಹಲಗೆ ಇಡುವಿಯಂತೆ."

ಅಷ್ಟೇ. ಇಷ್ಟು ಮಾತು. ಅದೇ ಟೆಂಪೊದಲ್ಲಿ ನೆಲ ನಮ್ಮ ಮನೆಗೆ ಬಂತು. ಲಾಟ್ವಿಯಾದಲ್ಲಿ ಊರಿಗೆ ಊರೇ ಹಂಚಿಕೊಂಡದ್ದನ್ನು ಇಲ್ಲಿ ಒಂದೇ ಮನೆ ಹೊತ್ತುಕೊಂಡಿತು. ಅಪ್ಪ ಕಾಲೊನಿಯಲ್ಲಿ ಕೇಳಿ ನೋಡದೆ ಇರಲಿಲ್ಲ; ಇಲಾಖೆಯ ಆಟಗಾರರೆಲ್ಲ, 'ನಮ್ಮಲ್ಲೆಲ್ಲಿ ಪುಟ್ಟಸ್ವಾಮೀಜೀ ಜಾಗ' ಅಂದರು. ಮೇಲಿನ ಮನೆಯ ಕಪೂರ್ ಆಂಟಿ ಬಾಲ್ಕನಿಯಿಂದ ಬಗ್ಗಿ ನೋಡಿ, "ಭಾಭೀಜೀ, ಫರ್ನಿಚರ್ ಕಾ ಕಾಮ್ ಶುರೂ ಕಿಯಾ?" ಅಂತ ಕೇಳಿದರು. ಅಮ್ಮ ಒಳಗೆ ಹೋಗಿ ಹಾಲು ಉಕ್ಕಿಸಿದಳು. ಬೇಕೆಂದೇ ಉಕ್ಕಿಸಿದಳೋ ಏನೋ.

ಅಪ್ಪ ಎರಡು ಭಾನುವಾರ ಕೂತು ಹಲಗೆಗಳಿಗೆ ನಂಬರು ಹಾಕಿದ. ಆಮೇಲೆ ಕ್ಲಬ್ಬಿನ ಪದ್ಧತಿಯಂತೆ ಅಡಿಯಲ್ಲಿ ನಮ್ಮ ಹೆಸರು ಬರೆಯತೊಡಗಿದ. ಮೊದಲನೆಯದಕ್ಕೇ ಅಮ್ಮನ ಹೆಸರು, ಲಲಿತಾ, ಬಿಳಿ ಪೇಂಟಿನಲ್ಲಿ, ದಪ್ಪಕ್ಕೆ. ತೋರಿಸಲು ಕರೆದ. ಅವಳಿಗೆ ಖುಷಿಯಾಗುತ್ತದೆಂದು ನಿಜಕ್ಕೂ ನಂಬಿದ್ದ, ಪುಣ್ಯಾತ್ಮ.

"ಇದರ ಮೇಲೆ ಏನ್ಮಾಡ್ತಾರೆ?" ಅಂದಳು ಅಮ್ಮ.

"ಆಡ್ತಾರೆ."

"ಅಂದ್ರೆ ತುಳೀತಾರೆ."

"ತುಳಿಯೋದಲ್ಲ ಕಣೇ, ಅದು ಗೌರವ. ಅಲ್ಲಿ ಎಲ್ಲರೂ—"

"ಅಲ್ಲಿಯವರು ಅಕ್ಷರ ತುಳೀಲಿ, ಅನ್ನ ತುಳೀಲಿ. ನನ್ನಪ್ಪ ಇಟ್ಟ ಹೆಸರನ್ನ ಹತ್ತು ಜನ ಗಂಡಸರು ಬೂಟು ಹಾಕ್ಕೊಂಡು ತುಳಿಯೋಕೆ ಬರೆದಿದೀರಾ? ಅಳಿಸ್ರೀ ಅದನ್ನ. ಈಗಲೇ."

ಅಪ್ಪ ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ಅಳಿಸಿದ. ಆಮೇಲೆ ಎಲ್ಲ ಹಲಗೆಗೂ ತನ್ನೊಬ್ಬನ ಹೆಸರನ್ನೇ ಬರೆದ. ತುಳಿಯಲಿ ಬಿಡಿ, ತನ್ನನ್ನು.

ಅವತ್ತಿನಿಂದ ಅಮ್ಮ ಅಡುಗೆಮನೆಯಲ್ಲಿ ಮಲಗತೊಡಗಿದಳು. ಹಲಗೆಯ ಮೇಲಿನ ಮಂಚಕ್ಕೆ ಅವಳು ಒಂದು ದಿನವೂ ಹತ್ತಲಿಲ್ಲ. 'ನಾನೇನು ಕೋತಿಯೇ' ಅಂದಳು. ಸಿಲಿಂಡರ್ ಪಕ್ಕ, ರಾಗಿಹಿಟ್ಟಿನ ಡಬ್ಬದ ಬುಡದಲ್ಲಿ, ಕಾಲು ಪೂರ್ತಿ ಚಾಚಲಾಗದ ಜಾಗ. ಮುಂದಿನ ಕೋಣೆಯಲ್ಲಿ ಅಕ್ಕ. ಅಲ್ಲೂ ಸೋಫಾ ಇಡುವ ಜಾಗದಲ್ಲಿ ಮಿಕ್ಕ ಹಲಗೆ, ಮೇಲೆ ಬೆಡ್‌ಶೀಟು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ದೆಹಲಿಯ ಇನ್ನೊಂದು ತುದಿಯ ರೋಹಿಣಿಯಿಂದ ಬಂದಾಗ ಅದರ ಮೇಲೆಯೇ ಕೂರಿಸಿದೆವು. ಗಂಡಿನ ಸೋದರಮಾವ ಕೂತವರು ಒಂದು ಸಲ ಕೈಯಾಡಿಸಿ, 'ದಿವಾನಾ ಇದು? ಬಹಳ ಗಟ್ಟಿ ಇದೆ' ಅಂದರು. ಅಪ್ಪ ಬಾಯಿ ತೆರೆಯುವುದಕ್ಕೂ ಅಕ್ಕ ಉಪ್ಪಿಟ್ಟಿನ ತಟ್ಟೆ ತಂದು ಅಪ್ಪನ ಮುಂದೆ ಹಿಡಿಯುವುದಕ್ಕೂ ಸರಿಹೋಯಿತು. ಅವಳ ಕಣ್ಣಿನಲ್ಲಿ ಇದ್ದದ್ದು ಒಂದೇ ಬೇಡಿಕೆ: ಇವತ್ತೊಂದು ದಿನ ಲಾಟ್ವಿಯಾ ಬೇಡಪ್ಪಾ. ಮದುವೆ ನಿಶ್ಚಯವಾಯಿತು, ನಡೆಯಿತು. ನಮ್ಮ ಕಾಲೊನಿಯವರು ಇವತ್ತಿಗೂ ಅದನ್ನು ಪವಾಡ ಅನ್ನುತ್ತಾರೆ.

ನಾನು ಒಂಬತ್ತನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಓದಲು ಜಾಗವಿರಲಿಲ್ಲ, ಅದಕ್ಕೇ ಬಿಟ್ಟ ಅಂತ ಸಂಬಂಧಿಕರು ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ನನ್ನ ಮೇಲೆ ಯಾರೂ ಮರುಕ ಪಡಬೇಕಿಲ್ಲ. ನನಗೆ ಕೈಕೆಲಸ ಬೇಕಿತ್ತು, ಮುನಿರ್ಕಾದ ಗಲ್ಲಿಯಲ್ಲಿ ಕೂಲರ್ ಅಂಗಡಿಗೆ ಸೇರಿದೆ, ಪಂಪು ಬಿಚ್ಚಿ ಜೋಡಿಸುವುದನ್ನು ಒಂದೇ ಬೇಸಿಗೆಯಲ್ಲಿ ಕಲಿತೆ. ಬಾಡಿಗೆ ಕೋಣೆಯ ಕಾಲೇಜು ಹುಡುಗರು ನಾಲ್ಕನೇ ಮಹಡಿಯಿಂದ 'ಏ ಕೂಲರ್‌ವಾಲೆ' ಅಂತ ಕೂಗುತ್ತಿದ್ದರು. ಅವರು ನನ್ನ ಹೆಸರು ಹಿಡಿದು ಕರೆಯುವ ತನಕ ನಾನು ಮೆಟ್ಟಿಲು ಹತ್ತುತ್ತಿರಲಿಲ್ಲ. ಅದೇ ಗಲ್ಲಿಯಲ್ಲಿ ಒಂದು ಸೈಬರ್ ಕೆಫೆ. ಅಪ್ಪ ಶನಿವಾರ ಶನಿವಾರ ಅಲ್ಲಿಗೆ ಬಂದು, ನನ್ನನ್ನು ಅಂಗಡಿಯಿಂದ ಕರೆಸಿಕೊಂಡು, ಕ್ಲಬ್ಬಿನ ಪುಟ ತೆರೆಸುತ್ತಿದ್ದ. ಪುಟವೆಲ್ಲ ಲಾಟ್ವಿಯನ್ ಭಾಷೆ. ನಮಗೆ ಅರ್ಥವಾಗುತ್ತಿದ್ದದ್ದು ಸ್ಕೋರು ಮಾತ್ರ. ಎಲ್ಲೋ ಒಂದೆರಡು ಇಂಗ್ಲಿಷ್ ಸಾಲು ಸಿಕ್ಕರೆ ಕೆಫೆಯ ಹುಡುಗ ಓದಿ ಹಿಂದಿಯಲ್ಲಿ ಹೇಳುತ್ತಿದ್ದ. ಹಾಗೆ ಮುಂದಿನ ಚರಿತ್ರೆ ಗೊತ್ತಾಯಿತು. ದೇಶ ಸ್ವತಂತ್ರವಾದ ಮೇಲೆ ಕ್ಲಬ್ಬಿಗೆ ಅನ್ನ ಹಾಕುವವರಿಲ್ಲದಾಯಿತು. ಹಾಲ್ ಬೆಚ್ಚಗಿಡಲು ಗತಿಯಿಲ್ಲದೆ ಆಟಗಾರರು ಸ್ವೆಟರ್ ಹಾಕಿಕೊಂಡು ಆಡಿದರು, ಸಂಬಳದ ಬದಲು ಡಬ್ಬದ ಮೀನು ಮನೆಗೆ ಒಯ್ದರು. ಕೊನೆಗೆ ಒಬ್ಬ ವ್ಯಾಪಾರಿ ಕ್ಲಬ್ಬನ್ನು ಕೊಂಡುಕೊಂಡ. ಆಡುವುದೇ ಉದ್ಯೋಗ ಅನ್ನುವವರನ್ನು ಇಟ್ಟ, ಅಮೆರಿಕದಿಂದ ಎತ್ತರದ ಕರಿಯ ಹುಡುಗರನ್ನು ಕರೆಸಿದ, ಅಂಗಿಯ ಎದೆಯ ಮೇಲೆ ಒಂದು ಬ್ಯಾಂಕಿನ ಹೆಸರು ಬಂತು. ಕ್ಲಬ್ಬು ಗೆಲ್ಲತೊಡಗಿತು. ಒಂದು ಶನಿವಾರ ಪುಟದ ತುಂಬ ಹೊಸ ಕ್ರೀಡಾಂಗಣದ ಚಿತ್ರ. ಗಾಜಿನ ಗೋಡೆ, ದೀಪ, ಕನ್ನಡಿಯಂತೆ ಹೊಳೆಯುವ ಹೊಚ್ಚಹೊಸ ನೆಲ.

"ನೋಡು," ಅಂದೆ ನಾನು. ಸಂತೋಷವೇ ಆಯಿತು ನನಗೆ. "ನಿನ್ನ ಹಳೇ ನೆಲ ಹೋಯ್ತು. ಅವರೇ ಬಿಸಾಕಿದ್ರು. ನೀನೂ ಬಿಸಾಕು."

ಅಪ್ಪ ಮುಖವನ್ನು ಪರದೆಯ ಹತ್ತಿರಕ್ಕೆ ತಂದು ಬಹಳ ಹೊತ್ತು ನೋಡಿದ.

"ಹಳೇದು ಕೆಳಗಿರ್ತದೆ," ಅಂದ. "ಅದರ ಮೇಲೇ ಹಾಕಿರ್ತಾರೆ."

ಆ ಮನುಷ್ಯನನ್ನು ಏನು ಮಾಡುವುದು ಹೇಳಿ. ಜಗತ್ತಿನ ಚಿತ್ರವನ್ನು ತಂದು ಮುಖಕ್ಕೆ ಹಿಡಿದರೂ ಅದರ ಕೆಳಗೆ ತನ್ನ ನೆಲ ಕಾಣುತ್ತಿತ್ತು ಅವನಿಗೆ. ಹೀಗೇ ಮೂರು ವರ್ಷ ಕಳೆಯಿತು. ಅಷ್ಟರಲ್ಲಿ ಅಕ್ಕ ಬಸುರಿಯಾದಳು.

ಚೊಚ್ಚಲ ಬಾಣಂತನ ತವರಿನದು. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಏಳು ತಿಂಗಳಿಗೆ ಮಗಳನ್ನು ಕರೆತರಬೇಕು, ಕತ್ತಲು ಕೋಣೆಯೊಂದು ಬೇಕು, ಮಂಚ ಬೇಕು, ಮಂಚದ ಕೆಳಗೆ ಕೆಂಡ ಇಡಲು ಜಾಗ ಬೇಕು. ಸುದ್ದಿ ಬಂದ ಸಂಜೆ ಅಮ್ಮ ಮುದ್ದೆ ಕಟ್ಟುತ್ತಿದ್ದವಳು ಕೈ ತೊಳೆದು ಬಂದು ಒಳಕೋಣೆಯ ಬಾಗಿಲಲ್ಲಿ ನಿಂತಳು. ಕೂಗಾಡಲಿಲ್ಲ. ಮೂರು ವರ್ಷ ಕೂಗಾಡಿದ್ದಳಲ್ಲ, ಸಾಕಾಗಿತ್ತು.

"ಸುಧಾ ಬರೋ ಹೊತ್ತಿಗೆ ಈ ಕೋಣೆ ಖಾಲಿಯಾಗ್ಬೇಕು."

"ಹೊಸ ಹಾಲ್ ಮಂಜೂರಾಗಿದೆಯಂತೆ ಲಲಿತಾ. ಈ ವರ್ಷ ಆಗೇಬಿಡ್ತದೆ. ಸ್ವಲ್ಪ—"

"ಹಾಲ್ ಆಗ್ಲಿ, ಅರಮನೆ ಆಗ್ಲಿ. ನನ್ನ ಮಗಳು ಸ್ಟೂಲ್ ಹತ್ತಿ ಮಲಗಲ್ಲ. ಕೋಣೆ ಖಾಲಿಯಾಗ್ದಿದ್ರೆ ನಾನೇ ರೋಹಿಣಿಗೆ ಹೋಗಿ ಬೀಗರ ಮನೇಲಿ ನಿಂತು ಬಾಣಂತನ ಮಾಡ್ತೀನಿ. ಪುಟ್ಟಸ್ವಾಮಿ ಮನೇಲಿ ಮಗಳಿಗೆ ಜಾಗ ಇರ್ಲಿಲ್ಲ ಅಂತ ಊರೆಲ್ಲ ಅಂದುಕೊಳ್ಳಲಿ. ಹೋದವಳು ವಾಪಸ್ಸೂ ಬರಲ್ಲ."

ಅವಳು ಹೆದರಿಸುತ್ತಿರಲಿಲ್ಲ. ಮಾಡುತ್ತಿದ್ದಳು. ಅಪ್ಪನಿಗೂ ಅದು ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಷರಟು ಹಾಕಿ ಸ್ಕೂಟರ್ ತೆಗೆದ. ದೊಡ್ಡ ಸಾಹೇಬರನ್ನು ಕಂಡು ನೆಲವನ್ನು ಈಗಲೇ ಒಪ್ಪಿಸಿಬಿಡುವುದು, ಹಾಲ್ ಕಟ್ಟುವ ಜಾಗದ ಶೆಡ್ಡಿನಲ್ಲಿ ಇಡಿಸುವುದು, ಇಷ್ಟು ಅವನ ಲೆಕ್ಕ. ನಾನೂ ಹಿಂದೆ ಕೂತೆ. ಕರೆಯದೆ ಕೂತೆ. ವಸಂತ್ ಕುಂಜ್‌ನ ಆ ಫ್ಲಾಟಿನಲ್ಲಿ ಸಾಹೇಬರು ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಚಹಾ ಬಂತು. ಅಪ್ಪ ಸೋಫಾದ ತುದಿಯಲ್ಲಿ, ಆರಡಿಯ ಮೈಯನ್ನು ಮಡಿಸಿ ಸಣ್ಣ ಮಾಡಿಕೊಂಡು ಕೂತು, ವಿಷಯ ಹೇಳಿದ. ಸಾಹೇಬರು ಪೇಪರ್ ಕೆಳಗಿಟ್ಟರು.

"ಯಾವ ಹಲಗೆಯಯ್ಯಾ?"

"ಹಳೇ ಹಾಲಿನದು ಸಾರ್. ನೀವು ನನ್ನ ಹತ್ರ ಇಟ್ಕೋ ಅಂದಿದ್ರಲ್ಲ."

"ಅಯ್ಯೋ! ಇನ್ನೂ ಇಟ್ಕೊಂಡಿದ್ದೀಯಾ?" ಸಾಹೇಬರು ಒಳಗೆ ತಿರುಗಿ ಕೂಗಿದರು. "ಏ, ಸುನೋ ಸುನೋ, ನಮ್ಮ ಲಾಟ್ವಿಯಾ ಇಡೀ ಕೋರ್ಟನ್ನ ಮನೇಲಿ ಇಟ್ಕೊಂಡಿದಾನಂತೆ!" ಒಳಗಿಂದ ಮಗಳ ನಗು, 'ಓ ಮೈ ಗಾಡ್, ಪಾಪಾ' ಅಂತ. ಅವರೂ ಕಣ್ಣೊರೆಸಿಕೊಂಡು ನಕ್ಕರು. "ಈಗೆಲ್ಲ ಸಿಂಥೆಟಿಕ್ ಕಣಯ್ಯಾ. ಟೆಂಡರ್ ಆಗಿಹೋಯ್ತು. ಮರ ಯಾರು ಹಾಕ್ತಾರೆ? ನಾನೇನೋ ಅವತ್ತು ತಮಾಷೆಗೆ ಅಂದಿರ್ಬೇಕು."

ತಮಾಷೆಗೆ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಕೂರು ಅಂತ ಯಾರೂ ಹೇಳಿರಲಿಲ್ಲ.

"ಸಾರ್," ಅಂದೆ, "ನಿಮ್ಮ ತಮಾಷೆ ಮೇಲೆ ನಮ್ಮ ಮನೆ ಮಂಚ ನಿಂತಿದೆ. ಅದಕ್ಕೇ ನಮ್ಮಮ್ಮ ಮೂರು ವರ್ಷದಿಂದ ಸಿಲಿಂಡರ್ ಪಕ್ಕ ಮಲಗ್ತಿದ್ದಾಳೆ. ನೀವು ಯಾವತ್ತಾದ್ರೂ ಬಂದು ನೋಡಿ. ಇನ್ನೂ ನಗು ಬರುತ್ತೆ."

ಸಾಹೇಬರ ಮುಖ ಬಿಗಿದುಕೊಂಡಿತು. ಆಗ ಅಪ್ಪ ಎದ್ದ. ನನ್ನ ಪರವಾಗಿ ಒಂದು ಮಾತು ಹೇಳುತ್ತಾನೆ, ಇಲ್ಲವೇ ಸುಮ್ಮನೆ ನನ್ನ ಕೈ ಹಿಡಿದು ಹೊರಗೆ ನಡೆಯುತ್ತಾನೆ ಅಂದುಕೊಂಡೆ. ಅಪ್ಪ ಎರಡೂ ಕೈ ಜೋಡಿಸಿದ.

"ಚಿಕ್ಕವನು ಸಾರ್, ಶಾಲೆ ಬಿಟ್ಟಿದ್ದಾನೆ, ಮಾತಾಡೋಕೆ ಬರಲ್ಲ. ಕ್ಷಮಿಸ್ಬೇಕು."

ಅಲ್ಲಿಂದ ಮನೆಗೆ ನಾನು ಸ್ಕೂಟರ್ ಹತ್ತಲಿಲ್ಲ, ನಡೆದೇ ಬಂದೆ. ಸಾಹೇಬರ ನಗುವನ್ನು ನಾನು ಯಾವತ್ತೋ ಮರೆತುಬಿಡುತ್ತಿದ್ದೆ. ದೊಡ್ಡವರು ನಗುತ್ತಾರೆ, ನಗುವುದಕ್ಕೇ ಅವರಿಗೆ ಆ ಸೋಫಾ ಕೊಟ್ಟಿರುವುದು. ಆ ಜೋಡಿಸಿದ ಕೈ ಮಾತ್ರ ಮರೆಯಲಾಗಿಲ್ಲ. ಗುಜರಿ ಟೆಂಪೊಗೆ ಅಡ್ಡ ನಿಂತ ಮನುಷ್ಯ, ಊರು ಊರೇ ಸೈನ್ಯಕ್ಕೆ ಬಗ್ಗಲಿಲ್ಲ ಅಂತ ನಮಗೆ ಮುದ್ದೆಯ ಜೊತೆ ತಿನ್ನಿಸಿದ ಮನುಷ್ಯ, ಬನಿಯನ್ ಹಾಕಿದ ಒಬ್ಬ ಆಫೀಸರ್ ಮುಂದೆ ಮಗ ಶಾಲೆ ಬಿಟ್ಟದ್ದನ್ನು ಎತ್ತಿ ಆಡಿ ಕ್ಷಮೆ ಕೇಳಿದ. ನನಗೆ ಮಾತಾಡೋಕೆ ಬರಲ್ಲವಂತೆ. ಅಲ್ಲಿ ಮಾತಾಡಿದವನು ನಾನೊಬ್ಬನೇ.

ಮನೆಗೆ ಬಂದಾಗ ಅಪ್ಪ ಷರಟು ಬಿಚ್ಚಿ ಹಲಗೆ ಇಳಿಸತೊಡಗಿದ್ದ. ಹಿಂದೆ ಒಂದು ಅಂಗಳವಿತ್ತು, ಬಟ್ಟೆ ಒಗೆಯುವ ಕಲ್ಲು ಮತ್ತು ಕಪೂರ್ ಆಂಟಿಯ ಮನೆಯ ನೀರು ಸೋರುವ ಪೈಪು. ಅಲ್ಲಿ ಟಾರ್ಪಾಲಿನ ಕೆಳಗೆ ಒಟ್ಟುವುದೆಂದು ತೀರ್ಮಾನ. ನಾನು ಇನ್ನೊಂದು ತುದಿ ಹಿಡಿದೆ. ಮೇಲಿನ ಸಾಲುಗಳು ಗಟ್ಟಿಯಾಗಿ ಬಂದವು. ಅರ್ಧಕ್ಕಿಂತ ಕೆಳಗೆ ಹೋದಾಗ ಒಂದು ಹಲಗೆಯನ್ನು ನಾನು ಹಿಡಿದ ಕಡೆ ಬೆರಳು ಒಳಗೇ ಹೋಯಿತು. ಹಪ್ಪಳದಂತೆ ಮುರಿಯಿತು. ಒಳಗೆಲ್ಲ ಮಣ್ಣು, ಮಣ್ಣಿನೊಳಗೆ ಬಿಳಿಬಿಳಿಯಾಗಿ ಹರಿದಾಡುವ ಗೆದ್ದಲು. ಅದರ ಕೆಳಗಿನದೂ ಹಾಗೇ, ಅದರ ಕೆಳಗಿನದೂ. ಗೋಡೆಯ ಬುಡದಿಂದ ಹತ್ತಿ, ನಂಬರುಗಳನ್ನೂ ಹೆಸರುಗಳನ್ನೂ ಮಾತ್ರ ಬಿಟ್ಟು ಉಳಿದದ್ದೆಲ್ಲ ತಿಂದಿದ್ದವು. ಪೇಂಟಿನ ತೆಳುಪದರದ ಮೇಲೆ ಪುಟ್ಟಸ್ವಾಮಿ, ಪುಟ್ಟಸ್ವಾಮಿ ಅಂತ ಇತ್ತು, ಅಡಿಯಲ್ಲಿ ಮರವೇ ಇರಲಿಲ್ಲ. ನಾವು ಮೂರು ವರ್ಷ ಗೆದ್ದಲ ಹುತ್ತದ ಮೇಲೆ ಮಲಗಿದ್ದೆವು.

"ಅಲ್ಲಿ ಚಳಿ ಇತ್ತು," ಅಂದ ಅಪ್ಪ, ಕುಕ್ಕರಗಾಲಲ್ಲಿ ಕೂತು. "ಅಲ್ಲಿ ಹುಳ ಇರ್ಲಿಲ್ಲ."

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಪೊರಕೆ ತಂದು ಕೊಟ್ಟಳು.

ಕೋಣೆ ಖಾಲಿಯಾಯಿತು. ಸುಣ್ಣ ಹೊಡೆದೆವು, ಬುಡಕ್ಕೆಲ್ಲ ಔಷಧಿ ಸುರಿದೆವು, ಮಂಚ ನೆಲಕ್ಕೆ ಇಳಿಯಿತು, ನಾನೇ ಫ್ಯಾನಿಗೆ ಎಣ್ಣೆ ಬಿಟ್ಟೆ. ಅಕ್ಕ ಬಂದಳು. ಒಳ್ಳೇ ಚಳಿಗಾಲದಲ್ಲಿ ಹೆಣ್ಣು ಮಗು ಹುಟ್ಟಿತು. ಬಾಣಂತಿಗೆ ಮೊದಲ ಸಲ ನೀರು ಎರೆಯುವ ದಿನ ದೆಹಲಿಯ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಳದ ಆಚೆ ಗೋಡೆ ಕಾಣುತ್ತಿರಲಿಲ್ಲ. ಬೆಳಗಿನಿಂದ ಕರೆಂಟಿಲ್ಲ, ನೀರು ಕಾಯಿಸುವ ರಾಡು ಸುಮ್ಮನೆ ಬಕೆಟ್ಟಿನಲ್ಲಿ ನಿಂತಿತ್ತು. ಸಿಲಿಂಡರ್ ಹಿಂದಿನ ದಿನ ಮುಗಿದು, ಬುಕ್ ಮಾಡಿದ್ದು ಬಂದಿರಲಿಲ್ಲ. ಅಮ್ಮ ಅಂಗಳದಲ್ಲಿ ಮೂರು ಇಟ್ಟಿಗೆ ಇಟ್ಟು ಹಂಡೆ ಏರಿಸಿದ್ದಳು. ನಾನು ತಂದಿದ್ದ ಸೌದೆ ಹಸಿ, ಬರೀ ಹೊಗೆ. ಬಾಣಂತಿ ನೀರು ಅಂದರೆ ಒಂದು ಬಕೆಟ್ಟಲ್ಲ, ಹಂಡೆ ಹಂಡೆ ಬೇಕು, ಸುಡುಸುಡು ಇರಬೇಕು. ಒಳಗೆ ಎಣ್ಣೆ ಹಚ್ಚಿಸಿಕೊಂಡ ಅಕ್ಕ ಬಚ್ಚಲಲ್ಲಿ ನಡುಗುತ್ತಾ ಕೂತಿದ್ದಳು, ಮಗು ಕಿರುಚುತ್ತಿತ್ತು. ಮನೆಯೊಳಗೆ ಮೂರು ವರ್ಷ ಒಣಗಿದ ಮರ ಟಾರ್ಪಾಲಿನ ಕೆಳಗೆ, ಒಂದು ಮಾರು ದೂರದಲ್ಲಿತ್ತು. ಅಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ. ಊದುಗೊಳವೆಯಲ್ಲಿ ಊದುತ್ತಲೇ ಇದ್ದಳು. ಕೇಳುವುದಿಲ್ಲ ಅನ್ನುವ ಹಟ ಅವಳದು. ಕಣ್ಣಿಂದ ನೀರು ಸುರಿಯುತ್ತಿತ್ತು.

ಅಪ್ಪ ಬಾಗಿಲಿಗೆ ಬಂದ. ಆಮೇಲೆ ಟಾರ್ಪಾಲು ಎತ್ತಿ, ಮೇಲಿನದನ್ನು, ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಎಳೆದು, ಕಲ್ಲಿನ ಮೇಲೆ ಒರಗಿಸಿ, ಲಾಟ್ವಿಯಾದಲ್ಲಿ ಉಳುಕಿದ್ದ ಆ ಕಾಲಲ್ಲೇ ಒದ್ದು ಎರಡು ಮಾಡಿದ. ಒಲೆಯ ಮುಂದೆ ತಂದು ಹಾಕಿದ. ಅದು ಹತ್ತಿಕೊಂಡ ರಭಸಕ್ಕೆ ಅಮ್ಮ ಹಿಂದೆ ಸರಿದಳು.

"ಅಲ್ಲೂ ಸುಟ್ಟಿದ್ರು," ಅಂದ ಅಪ್ಪ.

ನಮಗೆ ಅರ್ಥವಾಗಲಿಲ್ಲ.

"ಕ್ಲಬ್ಬಿನೋರು. ಯುದ್ಧದ ಚಳಿಗಾಲದಲ್ಲಿ ಸೌದೆ ಇರ್ಲಿಲ್ಲ. ಎಳೇ ಮಕ್ಕಳಿದ್ದ ಮನೇಲೆಲ್ಲ ಹಲಗೆ ಸುಟ್ರಂತೆ. ಯಾನಿಸ್ ಮನೇಲೂ ಸುಟ್ರಂತೆ, ಅವನ ತಂಗಿ ಹುಟ್ಟಿದಾಗ. ವಾಪಸ್ ಬಂದಿದ್ದು ಅರ್ಧ ಕೂಡ ಇಲ್ಲ. ಮಿಕ್ಕಿದ್ದು ಹೊಸ ಮರ ಹಾಕಿದ್ರು. ಸುಟ್ಟೋರನ್ನ ಯಾರೂ ಏನೂ ಅನ್ನಲಿಲ್ಲವಂತೆ."

ಹಂಡೆಯ ನೀರು ಸದ್ದು ಮಾಡತೊಡಗಿತ್ತು.

"ಇದು ನಿಮಗೆ ಅವತ್ತೇ ಗೊತ್ತಿತ್ತಾ?" ಅಂದಳು ಅಮ್ಮ.

"ಗೊತ್ತಿತ್ತು."

"ಅಷ್ಟು ಸಲ ಕಥೆ ಹೇಳಿದ್ರಿ. ಇದನ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಮೊದಲನೇ ಚಳಿಗೇ ನೀನು ಸುಟ್ಟುಬಿಡ್ತಿದ್ದೆ."

"ಸುಡ್ತಿದ್ದೆ," ಅಂದಳು ಅಮ್ಮ. "ಹೌದು, ಸುಡ್ತಿದ್ದೆ. ಕಾಲು ಚಾಚಿ ಮಲಗ್ತಿದ್ದೆ."

ಅಪ್ಪ ತಲೆ ತಗ್ಗಿಸಲಿಲ್ಲ. ಹೇಳಿಬಿಟ್ಟೆನಲ್ಲ, ಇನ್ನು ನಿನ್ನ ಇಷ್ಟ ಅನ್ನುವಂತೆ ನಿಂತಿದ್ದ. ನನಗೆ ಅವನ ಮೇಲೆ ಕೈ ಎತ್ತುವಷ್ಟು ಕೋಪ ಬಂತು. ಗೆದ್ದಲಿನ ಮೇಲಲ್ಲ, ಸಾಹೇಬರ ಮೇಲಲ್ಲ. ದೂರದ ಆ ಊರಿನವರು ನಮಗಿಂತ ಬುದ್ಧಿವಂತರು, ನಮಗಿಂತ ಮನುಷ್ಯರು. ಮಗು ಅತ್ತಾಗ ನೆಲ ಸುಟ್ಟರು. ಅವರ ಕಥೆಯನ್ನು ತಂದವನು ಅದನ್ನೊಂದನ್ನು ಮಾತ್ರ ನಮ್ಮಿಂದ ಮುಚ್ಚಿಟ್ಟು, ಉಳಿದ ಅರ್ಧದ ಮೇಲೆ ನಮ್ಮನ್ನು ಮಲಗಿಸಿದ. ಅಪ್ಪ ಈಗ ಇಲ್ಲ. ಕೋಪ ಇದೆ.

"ಅಮ್ಮಾ, ನೀರು!" ಒಳಗಿಂದ ಅಕ್ಕ ಕೂಗಿದಳು. "ಸಾಯ್ತೀನಿ ಚಳಿಗೆ!"

ಅಮ್ಮ ಬಕೆಟ್ ತುಂಬಿಕೊಂಡು ಓಡಿದಳು. ಬೆಂಕಿ ತಗ್ಗುತ್ತಿತ್ತು. ಅಪ್ಪ ಇನ್ನೊಂದು ಹಲಗೆಗೆ ಬಗ್ಗಿದಾಗ ನಾನು ಅವನನ್ನು ಪಕ್ಕಕ್ಕೆ ತಳ್ಳಿ, ಅದನ್ನು ನಾನೇ ಎಳೆದು ಮುರಿದೆ, ನಾನೇ ಒಲೆಗೆ ತುಂಬಿದೆ.